ಡೇರೆ ಮೇಳ: ಉಡುಪಿ ಸೀಮೆಯ ಮನೆತನದ ಯಕ್ಷಗಾನ ತಂಡಗಳು

ಬಟ್ಟೆಯ ಡೇರೆ ಹಾಕಿ, ಟಿಕೆಟ್ ಇಟ್ಟು, ರಾತ್ರಿಗೊಂದು ಊರಿನಲ್ಲಿ ಯಕ್ಷಗಾನ ಆಡುವ ವೃತ್ತಿ ತಂಡಕ್ಕೆ ಕರಾವಳಿಯಲ್ಲಿ ಡೇರೆ ಮೇಳ ಅಥವಾ ಟೆಂಟ್ ಮೇಳ ಎನ್ನುತ್ತಾರೆ. ಫಲಕದ ಮೇಲೆ ದೇವಸ್ಥಾನದ ಹೆಸರು, ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಗಣಪತಿಯ ಪೂಜೆ, ಎಲ್ಲವೂ ಹರಕೆ ಮೇಳದಂತೆಯೇ ಇರುತ್ತದೆ. ಆದರೆ ಬಂಡವಾಳ ಒಂದು ಮನೆಯದು, ಸಾಲವೂ ಅದೇ ಮನೆಯದು. 20ನೆಯ ಶತಮಾನದ ನಡುಭಾಗದಲ್ಲಿ ಬೇರೂರಿದ ಈ ಪದ್ಧತಿ 1970 ಮತ್ತು 1980ರ ದಶಕಗಳಲ್ಲಿ ಉತ್ತುಂಗದಲ್ಲಿತ್ತು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಇಂದು ಡೇರೆ ಮೇಳವೆಂಬ ಹೆಸರನ್ನು ಉಳಿಸಿಕೊಂಡಿರುವುದು ಮುಖ್ಯವಾಗಿ ಎರಡು, ಸಾಲಿಗ್ರಾಮ ಮತ್ತು ಪೆರ್ಡೂರು. ಎರಡೂ ಉಡುಪಿ ಜಿಲ್ಲೆಯ ಊರಿನ ಹೆಸರುಗಳು. ಸಾಲಿಗ್ರಾಮ ಮೇಳವನ್ನು ಕಟ್ಟಿ ನಡೆಸಿದ ಮನೆತನ ಮಾತ್ರ ಕಾರ್ಕಳ ಸೀಮೆಯ ಪಳ್ಳಿಯದು.

ಹರಕೆಯಿಂದ ಟಿಕೆಟ್ಟಿಗೆ

ಡೇರೆಗಿಂತ ಮೊದಲು ಇದ್ದದ್ದು ಬಯಲಾಟ. ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಕಟೀಲಿನಂಥ ದೇವಸ್ಥಾನಗಳ ಹೆಸರಿನಲ್ಲಿ ಹೊರಡುವ ಮೇಳವನ್ನು ಹರಕೆ ಹೊತ್ತವರು ತಮ್ಮ ಮನೆಯಂಗಳಕ್ಕೋ ಗದ್ದೆಗೋ ಕರೆಸುತ್ತಾರೆ. ಆಟ ಆಡಿಸುವವರು ಮೇಳಕ್ಕೆ ವೀಳ್ಯ (ಆಟದ ಸಂಭಾವನೆ) ಕೊಡುತ್ತಾರೆ, ಊರಿಗೆ ಊರೇ ಕಾಸು ಕೊಡದೆ ನೋಡುತ್ತದೆ. ಸೇವೆ ದೇವರದಾದರೂ ಮೇಳ ನಡೆಸುವ ಹೊಣೆಯನ್ನು ಹಲವು ಕಡೆ ದೇವಸ್ಥಾನವೇ ಹೊರುತ್ತಿರಲಿಲ್ಲ. ವರ್ಷಕ್ಕಿಷ್ಟು ಎಂದು ಕಟ್ಟಿ, ಕೆಲವೆಡೆ ಏಲಂನಲ್ಲಿ ಹಿಡಿದು, ಒಬ್ಬ ಯಜಮಾನ ಮೇಳವನ್ನು ವಹಿಸಿಕೊಳ್ಳುತ್ತಿದ್ದ. ಕಲಾವಿದರನ್ನು ಗೊತ್ತು ಮಾಡುವುದು, ಮುಂಗಡ ಕೊಡುವುದು, ಪೆಟ್ಟಿಗೆ ಹೊರಿಸುವುದು, ಊಟದ ವ್ಯವಸ್ಥೆ ಎಲ್ಲ ಅವನದೇ. ಹೀಗೆ ಡೇರೆ ಬರುವ ಮೊದಲೇ ಯಜಮಾನನೆಂಬ ವ್ಯಕ್ತಿ ಇದ್ದ. ಡೇರೆ ಅವನಿಗೆ ಕೊಟ್ಟದ್ದು ಹೊಸ ಗಿರಾಕಿಯನ್ನು. ಅಲ್ಲಿಯವರೆಗೆ ಹರಕೆದಾರನೊಬ್ಬನೇ ಗಿರಾಕಿ. ಆಮೇಲೆ ಬಾಗಿಲಲ್ಲಿ ನಿಂತ ಸಾವಿರ ಜನರೂ ಗಿರಾಕಿಗಳೇ.

ಡೇರೆಯ ಕಲ್ಪನೆ ಯಕ್ಷಗಾನದೊಳಗೆ ಹುಟ್ಟಿದ್ದಲ್ಲ, ಅದರ ಹಿಂದೆ ಸರ್ಕಸ್ಸು, ನಾಟಕ ಕಂಪನಿಗಳ ಮಾದರಿಯಿದೆ. ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ 1768ರಲ್ಲಿ ಕುದುರೆ ಸವಾರಿಯ ವೃತ್ತರಂಗ ಶುರುಮಾಡಿದಾಗ ಅವನ ಹೆಂಡತಿ ಪ್ಯಾಟಿಯೂ ಕುದುರೆ ಏರುತ್ತಿದ್ದಳು, ಮುಂದೆ ಮಗ ಜಾನ್ ಅದನ್ನು ವಹಿಸಿಕೊಂಡ. ಬ್ರಿಟನ್ನಿನ ಸರ್ಕಸ್ಸು ಮೊದಲ ದಿನದಿಂದಲೇ ಮನೆಮಂದಿಯ ಕಸುಬು. ಆ ಮಾದರಿಯ ಸರ್ಕಸ್ಸು ಮುಂಬಯಿಗೆ ಬಂದದ್ದನ್ನು ಕಂಡ ವಿಷ್ಣುಪಂತ ಛತ್ರೆ 1880ರಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಕಟ್ಟಿದರು. ಛತ್ರೆ ಇಂದಿನ ಸಾಂಗ್ಲಿ ಜಿಲ್ಲೆಯವರು, ಕುರುಂದವಾಡ ಸಂಸ್ಥಾನದ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಅದೇ ಸಾಂಗ್ಲಿಯ ದರಬಾರಿನಲ್ಲಿ 1842ರ ಹೊತ್ತಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಆಟ ಆಡಿತ್ತು. ಅದನ್ನು ನೋಡಿದ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಆ ಮೇಳ ಹೊನ್ನಾವರ ಬಳಿಯ ಕರ್ಕಿಯ ಹಾಸ್ಯಗಾರ ಮನೆತನದ್ದೆಂಬ ಹೇಳಿಕೆ ಪ್ರಬಲವಾಗಿದೆ. ಕರಾವಳಿಯ ಬಯಲಾಟ ಘಟ್ಟ ಹತ್ತಿ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತು, ನಾಟಕ ಕಂಪನಿಗಳು ಸೀನು ಸೀನರಿಗಳನ್ನೂ ಟಿಕೆಟ್ಟನ್ನೂ ರೂಢಿಗೆ ತಂದವು, ಸುಮಾರು ನೂರು ವರ್ಷದ ಮೇಲೆ ಆ ಟಿಕೆಟ್ಟು ಮರಳಿ ಕರಾವಳಿಯ ಬಯಲಾಟಕ್ಕೇ ಅಂಟಿಕೊಂಡಿತು.

ಕನ್ನಡಿಗರಿಗೆ ಇದರ ಹತ್ತಿರದ ಮಾದರಿ ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು ಗುಬ್ಬಿ ವೀರಣ್ಣನವರು ಬೆಳೆಸಿದ ಬಗೆ, 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಅದರ ಅದ್ದೂರಿ, ಯಾವ ಸರ್ಕಸ್ ಕಂಪನಿಗೂ ಕಡಿಮೆಯಿರಲಿಲ್ಲ. ಆದರೂ ಇಲ್ಲಿಯ ಕಂಪನಿ ನಾಟಕವಾಗಲಿ ಸರ್ಕಸ್ಸಾಗಲಿ ಒಂದು ಊರಿನಲ್ಲಿ ಬೀಡುಬಿಟ್ಟರೆ ವಾರಗಟ್ಟಲೆ ನಿಲ್ಲುತ್ತವೆ. ಡೇರೆ ಮೇಳಕ್ಕೆ ಆ ಸುಖವಿಲ್ಲ. ಇಂದು ಹಾಕಿದ ಡೇರೆ ಬೆಳಗಾದರೆ ಕಳಚಬೇಕು, ನಾಳೆ ಬೇರೆ ಊರು.

ಕಲ್ಲಾಡಿ ಮನೆ

ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಡೇರೆ ಕಟ್ಟಿದ ಮೊದಲಿಗರ ಸಾಲಿನಲ್ಲಿ ಬಂಟವಾಳ ಸೀಮೆಯ ಇರಾ ಗ್ರಾಮದ ಕಲ್ಲಾಡಿ ಕೊರಗ ಶೆಟ್ಟರು ಬರುತ್ತಾರೆ. ಅವರು ನಡೆಸಿದ ಕುಂಡಾವು ಮೇಳ ತುಳು ಪ್ರಸಂಗಗಳಿಗೆ ಹೆಸರಾಯಿತು. ತುಳುವಿನಲ್ಲಿ ಪ್ರಸಂಗ ರಚನೆ ಹೊಸದೇನಲ್ಲ, ಬಾಯಾರು ಸಂಕಯ್ಯ ಭಾಗವತರ ‘ಪಂಚವಟಿ’ 1887ರಷ್ಟು ಹಿಂದಿನದು. ಆದರೆ ಇಡೀ ರಾತ್ರಿ ತುಳುವಿನಲ್ಲೇ ಆಡಿ, ಅದಕ್ಕೆ ಜನ ಕಾಸು ಕೊಟ್ಟು ಬರುತ್ತಾರೆಂದು ನಂಬಿದ್ದು ಡೇರೆ ಮೇಳಗಳು. ಕೊರಗ ಶೆಟ್ಟರ ನಂತರ ಕಲ್ಲಾಡಿ ವಿಠಲ ಶೆಟ್ಟರ ಕಾಲದಲ್ಲಿ ಕರ್ನಾಟಕ ಮೇಳ ಮೆರೆಯಿತು. ದಾಮೋದರ ಮಂಡೆಚ್ಚರ ಭಾಗವತಿಕೆ (ಹಾಡುಗಾರಿಕೆ), ಅಳಿಕೆ ರಾಮಯ್ಯ ರೈ, ಬೋಳಾರ ನಾರಾಯಣ ಶೆಟ್ಟಿ, ಅರುವ ಕೊರಗಪ್ಪ ಶೆಟ್ಟರ ವೇಷಗಳು, ಮಿಜಾರು ಅಣ್ಣಪ್ಪನವರ ಹಾಸ್ಯ ಸೇರಿ ಅದು ತುಳುನಾಡಿನ ಮನೆಮಾತಾಯಿತು. ಅನಂತರಾಮ ಬಂಗಾಡಿಯವರ ‘ಕಾಡಮಲ್ಲಿಗೆ’ಯ ಯಶಸ್ಸನ್ನು ಹಳಬರು ಇಂದಿಗೂ ಸಿನಿಮಾದ ಯಶಸ್ಸಿನ ಲೆಕ್ಕದಲ್ಲೇ ಹೇಳುತ್ತಾರೆ. ಅದೇ ಮನೆತನ ಕಟೀಲು ದೇವಳದ ಹರಕೆ ಮೇಳಗಳ ಆಡಳಿತವನ್ನೂ ನೋಡಿಕೊಂಡಿತು. ಒಂದು ಕೈಯಲ್ಲಿ ಟಿಕೆಟ್ಟಿನ ಮೇಳ, ಇನ್ನೊಂದರಲ್ಲಿ ಹರಕೆಯ ಮೇಳ. ಟಿಕೆಟ್ಟಿನದು ಕಾಲಕ್ರಮದಲ್ಲಿ ನಿಂತಿತು, ಹರಕೆಯದು ಒಂದಿದ್ದದ್ದು ಹಲವಾಯಿತು.

ತೆಂಕಿನಲ್ಲಿ ಇನ್ನೊಂದು ದೊಡ್ಡ ಹೆಸರು ಕಸ್ತೂರಿ ವರದರಾಯ ಪೈಗಳ ಸುರತ್ಕಲ್ ಮೇಳ. ಅಗರಿ ಶ್ರೀನಿವಾಸ ಭಾಗವತರು ಪದ್ಯ ಹೇಳಿ, ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ಆ ಮೇಳದಲ್ಲಿ ಮಾತಿಗೇ ಟಿಕೆಟ್ಟು. ಧರ್ಮಸ್ಥಳ ಮೇಳವೂ ಕೆಲಕಾಲ ಡೇರೆಯಲ್ಲಿ ಆಡಿ, ಬಳಿಕ ಸೇವೆಯಾಟಕ್ಕೆ ಮರಳಿತು.

ಪಳ್ಳಿಯ ಹೆಗ್ಡೆಯವರು

ಸಾಲಿಗ್ರಾಮ ಮೇಳದ ಯಜಮಾನ ಪಳ್ಳಿ ಸೋಮನಾಥ ಹೆಗ್ಡೆಯವರ ವಿಷಯದಲ್ಲಿ ಮೊದಲು ಗಮನಿಸಬೇಕಾದದ್ದು ಭೂಗೋಳ. ಪಳ್ಳಿ ಇರುವುದು ತುಳು ಮಾತಾಡುವ ಕಾರ್ಕಳದ ಕಡೆ. ಕಾಪು, ಕಾರ್ಕಳಗಳಲ್ಲಿ ಬಡಗಿನ ಚಂಡೆಯೂ ತೆಂಕಿನ ಚೆಂಡೆಯೂ ಕೇಳಿಸುತ್ತವೆ, ಎರಡು ತಿಟ್ಟುಗಳ ಪ್ರೇಕ್ಷಕರು ಬೆರೆಯುವ ಜಾಗ ಅದು. ಅಲ್ಲಿಯ ಮನೆತನವೊಂದು ಕುಂದಗನ್ನಡದ ನಾಡಾದ ಸಾಲಿಗ್ರಾಮದ ಹೆಸರಿನಲ್ಲಿ ಬಡಗುತಿಟ್ಟಿನ ಮೇಳ ಕಟ್ಟಿತು. ಶ್ರೀ ಗುರುಪ್ರಸಾದಿತ ಯಕ್ಷಗಾನ ಮಂಡಳಿ, ಸಾಲಿಗ್ರಾಮ ಎಂಬುದು ಪೂರ್ತಿ ಹೆಸರು. ಗುರು ಎಂದರೆ ಸಾಲಿಗ್ರಾಮದ ಗುರುನರಸಿಂಹ. ಯಜಮಾನರ ಮನೆಮಾತು, ಮೇಳದ ಮಾತು, ದೇವರ ಊರು ಬೇರೆಬೇರೆ. ಕಲೆ ನೋಡುವ ಕಣ್ಣಿನಷ್ಟೇ ಪ್ರೇಕ್ಷಕ ಎಲ್ಲಿದ್ದಾನೆಂದು ಅಳೆಯುವ ವ್ಯಾಪಾರದ ಕಣ್ಣೂ ಇದ್ದವರಿಗೆ ಮಾತ್ರ ಹೀಗೆ ಹೊಳೆಯುತ್ತದೆ.

ಜಲವಳ್ಳಿ ವೆಂಕಟೇಶ ರಾವ್, ಶಿರಿಯಾರ ಮಂಜು ನಾಯ್ಕ, ಅರಾಟೆ ಮಂಜುನಾಥ, ಐರೋಡಿ ಗೋವಿಂದಪ್ಪ, ಮಲ್ಪೆ ರಾಮದಾಸ ಸಾಮಗರಂಥವರು ಈ ರಂಗದಲ್ಲಿ ಕುಣಿದರು, ಮಾತಾಡಿದರು. ಎಲ್ಲರಿಗಿಂತ ಹೆಚ್ಚು ಜನ ತಂದದ್ದು ಒಬ್ಬ ಭಾಗವತ. ಗುಂಡ್ಮಿ ಕಾಳಿಂಗ ನಾವಡರು 1958ರಲ್ಲಿ ಹುಟ್ಟಿದವರು, ಭಾಗವತರ ಮಗ, ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿದವರು. ಇಪ್ಪತ್ತರ ಹರೆಯದಲ್ಲೇ ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾದರು. ಅಲ್ಲಿಯವರೆಗೆ ಜನ ವೇಷಧಾರಿಯ ಹೆಸರು ಕೇಳಿ ಆಟಕ್ಕೆ ಹೊರಡುತ್ತಿದ್ದರು, ನಾವಡರು ಬಂದ ಮೇಲೆ ಪದ್ಯ ಕೇಳಲೆಂದೇ ಟಿಕೆಟ್ ಕೊಳ್ಳುವವರು ಹುಟ್ಟಿದರು. ಹೊಸ ರಾಗಗಳನ್ನು ತಂದರು, ಪ್ರಸಂಗಗಳನ್ನೂ ಬರೆದರು. ಅವರ ‘ನಾಗಶ್ರೀ’ ಡೇರೆ ಮೇಳಗಳ ಇತಿಹಾಸದ ದೊಡ್ಡ ಗೆಲುವುಗಳಲ್ಲಿ ಒಂದು. 1990ರ ಮೇ 27ರಂದು, ತಿರುಗಾಟ ಮುಗಿಯುವ ದಿನಗಳಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತೆರಡೂ ತುಂಬಿರಲಿಲ್ಲ. ಅವರ ಧ್ವನಿಮುದ್ರಿಕೆಗಳನ್ನು ಹಾಕಿಕೊಂಡು ಕೇಳುವ ಮನೆಗಳು, ರಿಕ್ಷಾಗಳು ಕುಂದಾಪುರ ಕಡೆ ಈಗಲೂ ಇವೆ.

ಸೋಮನಾಥ ಹೆಗ್ಡೆಯವರ ಬಳಿಕ ಮಗ ಪಿ. ಕಿಶನ್ ಹೆಗ್ಡೆಯವರು ಯಜಮಾನರಾದರು. ಸಾಲಿಗ್ರಾಮದ ಜತೆಗೆ ಬೇರೆ ಮೇಳಗಳ ಹೊಣೆಯೂ ಈ ಮನೆತನಕ್ಕೆ ಬಂತು. ಪ್ರತಿಸ್ಪರ್ಧಿಯಾಗಿ ಬೆಳೆದದ್ದು ವೈ. ಕರುಣಾಕರ ಶೆಟ್ಟರ ಪೆರ್ಡೂರು ಮೇಳ. ಅಲ್ಲಿಯ ಆಧಾರಸ್ತಂಭ ಸುಬ್ರಹ್ಮಣ್ಯ ಧಾರೇಶ್ವರರು ಗೋಕರ್ಣದವರು. ವಿದ್ಯುತ್ ಕೆಲಸದವರಾಗಿ ಮೇಳದ ನಂಟು ಬೆಳೆಸಿ, ದೀಪ ನೋಡಿಕೊಳ್ಳುತ್ತಲೇ ಪದ್ಯ ಕಲಿತು ಭಾಗವತರಾದರು. 2024ರಲ್ಲಿ ತೀರಿಕೊಂಡರು. ಸಾಲಿಗ್ರಾಮ, ಪೆರ್ಡೂರುಗಳ ಜೋಡಾಟ, ಅಂದರೆ ಎರಡು ರಂಗಸ್ಥಳ ಅಕ್ಕಪಕ್ಕ ಕಟ್ಟಿ ಒಂದೇ ಪ್ರಸಂಗವನ್ನು ಪೈಪೋಟಿಯಲ್ಲಿ ಆಡುವುದು, ಎರಡು ಫುಟ್‌ಬಾಲ್ ತಂಡಗಳ ಪಂದ್ಯದಷ್ಟೇ ಬಿಸಿ ಹುಟ್ಟಿಸುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಒಂದು ಮೇಳ ಬಿಟ್ಟು ಇನ್ನೊಂದು ಸೇರಿದರೆ ಅದು ಪೇಟೆಯಲ್ಲಿ ಸುದ್ದಿ. ಅವರ ಭಸ್ಮಾಸುರ, ಕೀಚಕಗಳಿಗಾಗಿ ಗಂಟೆಗಟ್ಟಲೆ ನಡೆದು ಬಂದವರಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಒಂದು ರಾತ್ರಿಯ ಕೆಲಸ

ತಿರುಗಾಟ ದೀಪಾವಳಿಯ ನಂತರ, ಹೆಚ್ಚಾಗಿ ನವೆಂಬರ್ ಕೊನೆಗೆ ಗೆಜ್ಜೆ ಕಟ್ಟಿ ಶುರುವಾಗುತ್ತದೆ. ಮೇ 24ರ ಆಸುಪಾಸಿನ, ತುಳುನಾಡಿನ ಪತ್ತನಾಜೆ ಪರ್ವಕ್ಕೆ ಗೆಜ್ಜೆ ಬಿಚ್ಚುತ್ತಾರೆ. ನಡುವೆ ಹತ್ತಿರ ಹತ್ತಿರ 180 ರಾತ್ರಿ. ಡೇರೆಯ ಉತ್ತುಂಗದ ದಿನಗಳಲ್ಲಿ ಕೊಯ್ಲು ಮುಗಿದ ಗದ್ದೆಯೋ ಶಾಲೆಯ ಮೈದಾನವೋ ಮೊಕ್ಕಾಂ. ಹಗಲು ಲಾರಿ ಬಂದು ನಿಲ್ಲುತ್ತದೆ, ಗದ್ದೆಯ ಗಟ್ಟಿ ಮಣ್ಣಿಗೆ ಗೂಟ ಹೊಡೆಯುವ ಸದ್ದು ಕೇಳಿದರೆ ಮಕ್ಕಳು ಶಾಲೆಯಿಂದ ನೇರ ಅಲ್ಲಿಗೇ. ಕಂಬ ನಿಲ್ಲಿಸಿ ಹಗ್ಗ ಬಿಗಿದು ಸುತ್ತ ಬಟ್ಟೆಯ ಗೋಡೆ ಎಳೆಯುತ್ತಾರೆ, ಹಲಗೆ ಜೋಡಿಸಿ ರಂಗಸ್ಥಳ ಕಟ್ಟುತ್ತಾರೆ, ಹಿಂದೆ ಚೌಕಿ. ಮೈಕ್ ಕಟ್ಟಿದ ಜೀಪು ಬಣ್ಣದ ಹ್ಯಾಂಡ್‌ಬಿಲ್ ಎಸೆಯುತ್ತ ಅಕ್ಕಪಕ್ಕದ ಊರು ಸುತ್ತುತ್ತದೆ, ಅದರ ಹಿಂದೆ ಹುಡುಗರ ಓಟ. ಹ್ಯಾಂಡ್‌ಬಿಲ್ಲಿನ ಭಾಷೆಯೇ ಬೇರೆ: ಕಲಾವಿದರ ಹೆಸರಿನ ಹಿಂದೆ ಮುಂದೆ ಬಿರುದುಗಳ ಸಾಲು, ಪ್ರಸಂಗದ ಕೆಳಗೆ ‘ಅಮೋಘ’, ‘ಅದ್ದೂರಿ’. ಸಂಜೆ ಕೇಳಿ ಹೊಡೆಯುತ್ತಾರೆ. ಚಂಡೆಯ ಆ ಸದ್ದು ಗಾಳಿ ಒಲಿದರೆ ನಾಲ್ಕಾರು ಊರಿಗೆ ಮುಟ್ಟುತ್ತದೆ.

ಬಾಗಿಲಲ್ಲಿ ದರ್ಜೆಗಳು. ಮುಂದೆ ಈಸಿಚೇರು, ಅದರ ಹಿಂದೆ ಕುರ್ಚಿ, ಉಳಿದದ್ದು ನೆಲ. ನೆಲದವರು ಚಾಪೆ, ಹೊದಿಕೆ ಮನೆಯಿಂದಲೇ ತರುತ್ತಿದ್ದರು. ಮಕ್ಕಳು ಮೊದಲ ಒಡ್ಡೋಲಗ ಮುಗಿಯುವುದರೊಳಗೆ ಅದರ ಮೇಲೆ ನಿದ್ದೆ, ಬಣ್ಣದ ವೇಷದ ಆರ್ಭಟಕ್ಕೆ ಎಚ್ಚರ. ಹೊರಗೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಚಹಾ, ಚಕ್ಕುಲಿ, ಕಡಲೆಯ ಅಂಗಡಿಗಳು. ಒಳಗೆ ಜನರೇಟರ್ ದೀಪ. ದೊಂದಿಯ ಬೆಳಕಿಗೆ ಹೊಂದಿಸಿದ್ದ ಬಣ್ಣಗಾರಿಕೆ ಈ ಬಿಳಿ ಬೆಳಕಿನಲ್ಲಿ ಬದಲಾಯಿತೆಂಬ ದೂರು ಆಗಲೂ ಇತ್ತು, ಸುಳ್ಳಲ್ಲ. ನಡುರಾತ್ರಿಗೆ ಮ್ಯಾನೇಜರ್ ಟಿಕೆಟ್ ಪುಸ್ತಕದ ಉಳಿದ ಹಾಳೆ ಎಣಿಸಿ ಲೆಕ್ಕ ಬರೆಯುವಾಗ ಯಜಮಾನನಿಗೆ ಆ ದಿನದ ಭವಿಷ್ಯ ತಿಳಿಯುತ್ತದೆ. ಅಕಾಲದ ಮಳೆ, ಪಕ್ಕದೂರಿನ ನೇಮ, ಮದುವೆಯ ದಿನ, ಪರೀಕ್ಷೆಯ ತಿಂಗಳು, ಇದರಲ್ಲಿ ಯಾವುದಾದರೊಂದು ಸಾಕು ಡೇರೆ ಖಾಲಿಯಾಗಲು. ಖಾಲಿ ಹೋದರೂ ಕಲಾವಿದನ ಸಂಬಳ, ಲಾರಿಯ ಡೀಸೆಲ್, ಅಡುಗೆಯ ಅಕ್ಕಿ ನಿಲ್ಲುವುದಿಲ್ಲ. ಬೆಳಗಿನ ಮಂಗಳ ಹಾಡುವಾಗಲೇ ಹೊರಗೆ ಗೂಟ ಕೀಳುವವರು ಸಿದ್ಧ. ವೇಷ ಕಳಚಿದ ಕಲಾವಿದರು ಬಸ್ಸಿನಲ್ಲಿ ಒರಗಿ ಮುಂದಿನ ಮೊಕ್ಕಾಂ ಬರುವವರೆಗೆ ಮಲಗುತ್ತಾರೆ.

1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಟ ಮೇಲೆ ಇಂದು ಯಾವ ಮೇಳ ಎಲ್ಲಿ ಎಂಬ ಪಟ್ಟಿ ದಿನದ ಓದಾಯಿತು. ಸಿನಿಮಾ ಪುಟಕ್ಕಿಂತ ಮೊದಲು ಅದನ್ನು ನೋಡುವ ಓದುಗರು ಕರಾವಳಿಯಲ್ಲಿದ್ದಾರೆ. ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದವರು ರಜೆಗೆ ಊರಿಗೆ ಬಂದಾಗ ಆಟ ಕಾಣುವುದು ಊರಿಗೆ ಬಂದದ್ದರ ಗುರುತು.

ಟಿಕೆಟ್ಟು ಕಲೆಗೆ ಮಾಡಿದ್ದು

ಹರಕೆಯವನಿಗೆ ‘ದೇವಿ ಮಹಾತ್ಮೆ’ಯೇ ಬೇಕು, ವರ್ಷ ವರ್ಷ ಅದೇ ಬೇಕು. ಕಾಸು ಕೊಟ್ಟವನಿಗೆ ಹೊಸದು ಬೇಕು. ಆದ್ದರಿಂದ ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗವೆಂಬ ನಿಯಮ ಡೇರೆ ಮೇಳಗಳಲ್ಲಿ ನೆಲೆಸಿತು. ಪುರಾಣ ಬಿಟ್ಟು ಕಾಲ್ಪನಿಕ ರಾಜಕುಮಾರಿಯರ ಕಥೆಗಳು ಬಂದವು, ಕಂದಾವರ ರಘುರಾಮ ಶೆಟ್ಟರ ‘ಚೆಲುವೆ ಚಿತ್ರಾವತಿ’ಯಂಥವು ಜನ ಸೆಳೆದವು. ಕ್ಷೇತ್ರ ಮಹಾತ್ಮೆಗಳು ಬಂದವು. ಸಿನಿಮಾದ ಕಥೆ ಹೆಸರು ಬದಲಿಸಿ ಬಂದದ್ದೂ ಉಂಟು. ಪೂರ್ವರಂಗ ಮೊಟಕಾಯಿತು, ಹಾಸ್ಯ ಹಿಗ್ಗಿತು.

ಕೋಟದ ಶಿವರಾಮ ಕಾರಂತರಿಗೆ ಇದು ಹಿಡಿಸಲಿಲ್ಲ. ಅವರು ಯಕ್ಷಗಾನದ ಅಭಿಜಾತ ರೂಪದ ಹುಡುಕಾಟದಲ್ಲಿದ್ದರು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರ ಆ ಹುಡುಕಾಟದ ಫಲ. ಅಮೆರಿಕದ ಮಾರ್ತಾ ಆಷ್ಟನ್ ಹಿರಿಯಡಕ ಗೋಪಾಲರಾಯರ ಮಾರ್ಗದರ್ಶನದಲ್ಲಿ ಬಡಗುತಿಟ್ಟನ್ನು ಅಭ್ಯಾಸ ಮಾಡಿದ್ದೂ ಇದೇ ಊರಿನ ಸುತ್ತ, ಅದೇ ವರ್ಷಗಳಲ್ಲಿ. ಒಂದೇ ಉಡುಪಿಯಲ್ಲಿ ಹಗಲು ಕೇಂದ್ರದ ಶುದ್ಧ ಹೆಜ್ಜೆ, ರಾತ್ರಿ ಡೇರೆಯ ಶಿಳ್ಳೆ. ಕಾರಂತರ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ವರ್ಷದ ಆರು ತಿಂಗಳು ನೂರಾರು ಕಲಾವಿದರಿಗೆ ಸಂಬಳ ಕೊಟ್ಟು, ಚಂಡೆ ಮದ್ದಳೆಯ ಕೈ ಆರದಂತೆ ಇಟ್ಟದ್ದು ಆ ಶಿಳ್ಳೆಯ ದುಡ್ಡು ಎಂಬುದನ್ನು ಮರೆತು ಬರೆದ ವಿಮರ್ಶೆ ಅರ್ಧದ್ದು.

ಯಜಮಾನನೇ ವೇಷಧಾರಿಯಾದಾಗ

ಪಾಶ್ಚಾತ್ಯ ಸರ್ಕಸ್ ಮನೆತನಗಳಲ್ಲಿ ಒಡೆಯನೂ ಅವನ ಮಕ್ಕಳೂ ರಂಗಕ್ಕಿಳಿಯುವವರು. ಪಳ್ಳಿ, ಕಲ್ಲಾಡಿ ಮಾದರಿಯಲ್ಲಿ ಯಜಮಾನ ಗೆಜ್ಜೆ ಕಟ್ಟುವುದಿಲ್ಲ. ಮನೆಯ ಹೆಂಗಸರಂತೂ ರಂಗದಿಂದ ದೂರ, ಸ್ತ್ರೀವೇಷವೂ ಗಂಡಸರದೇ. ಸರ್ಕಸ್ಸಿಗೆ ಹತ್ತಿರದ ಮಾದರಿ ಬೇಕಾದರೆ ಉಡುಪಿಯಿಂದ ಉತ್ತರಕ್ಕೆ ಹೊನ್ನಾವರದ ಗುಣವಂತೆಗೆ ಹೋಗಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ಯಜಮಾನರೇ ಮುಖ್ಯ ವೇಷ. ಮಹಾಬಲ ಹೆಗಡೆ, ಶಿವರಾಮ ಹೆಗಡೆಯವರ ಮಕ್ಕಳಾದ ಶಂಭು ಹೆಗಡೆ, ಗಜಾನನ ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ, ಮರಿಮಗ ಶ್ರೀಧರ ಹೆಗಡೆ ಹೀಗೆ ನಾಲ್ಕು ತಲೆಮಾರು ಬಣ್ಣ ಹಚ್ಚಿದೆ. ಶಂಭು ಹೆಗಡೆಯವರು ದಿಲ್ಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದು 1973ರಿಂದ ಮಂಡಳಿಯನ್ನು ಮತ್ತೆ ನಡೆಸಿದರು. ಕ್ರಮೇಣ ಮಂಡಳಿ ವೃತ್ತಿ ತಿರುಗಾಟ ಬಿಟ್ಟು ಕಿರು ತಂಡ, ಕಿರು ಅವಧಿ, ತರಬೇತಿಯ ದಾರಿ ಹಿಡಿಯಿತು, 1986ರಲ್ಲಿ ಶ್ರೀಮಯ ಕಲಾಕೇಂದ್ರ ಬಂತು. 2009ರ ಫೆಬ್ರುವರಿಯಲ್ಲಿ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ಕೊನೆಯುಸಿರೆಳೆದರು.

ಎರಡು ಮಾದರಿಗಳ ಫಲವೂ ಬೇರೆ. ವೇಷಧಾರಿಯ ಮನೆತನ ತನ್ನ ಶೈಲಿಯನ್ನು ಉಳಿಸಿಕೊಂಡಿತು, ಡೇರೆಯನ್ನು ಕೈಬಿಟ್ಟಿತು. ಪಳ್ಳಿಯಂಥ ವ್ಯವಹಾರದ ಮನೆತನ ಡೇರೆಯ ಹೆಸರನ್ನು ಉಳಿಸಿಕೊಂಡಿತು, ಶೈಲಿಯನ್ನು ಕಾಲಕ್ಕೆ ತಕ್ಕಂತೆ ಬದಲಾಗಲು ಬಿಟ್ಟಿತು.

ಇಳಿಮುಖ ಮತ್ತು ಕಂಟ್ರಾಕ್ಟು

ಟಿವಿ, ವಿಡಿಯೊ ಬಂದವು. ರಾತ್ರಿಯಿಡೀ ನೆಲದಲ್ಲಿ ಕೂರುತ್ತಿದ್ದ ಕೃಷಿ ಕುಟುಂಬದ ಹುಡುಗರು ಪೇಟೆಗೆ, ಮುಂಬಯಿಗೆ, ಕೊಲ್ಲಿಗೆ ಹೋದರು. ಬೇಸಾಯ ಬಿಟ್ಟ ಗದ್ದೆಗಳಲ್ಲಿ ಮನೆಗಳೆದ್ದು ಡೇರೆಗೆ ಜಾಗವೂ ಕಡಿಮೆಯಾಯಿತು. ಒಂದೊಂದಾಗಿ ಡೇರೆ ಮೇಳಗಳು ನಿಂತವು. ಉಳಿದ ಎರಡು ಮೇಳಗಳು ಬದುಕಿದ ಉಪಾಯವೆಂದರೆ ಕಂಟ್ರಾಕ್ಟ್ ಆಟ. ಊರಿನ ಯುವಕ ಸಂಘ, ಶಾಲೆ, ದೇವಸ್ಥಾನದ ಸಮಿತಿ ಅಥವಾ ಒಬ್ಬ ಅಭಿಮಾನಿ ನಿಗದಿತ ಮೊತ್ತ ಕೊಟ್ಟು ಮೇಳವನ್ನು ಕರೆಸುತ್ತಾರೆ. ಟಿಕೆಟ್ ಇಟ್ಟು ಸಹಾಯಾರ್ಥ ಆಡಿಸುವುದೋ, ಉಚಿತವಾಗಿ ಬಿಡುವುದೋ ಅವರಿಗೆ ಬಿಟ್ಟದ್ದು. ಮಳೆಯ, ಖಾಲಿ ಕುರ್ಚಿಯ ಅಪಾಯ ಯಜಮಾನನ ತಲೆಯಿಂದ ಸಂಘಟಕನ ತಲೆಗೆ ದಾಟಿತು. ಇತ್ತ ಮಂದಾರ್ತಿ, ಕಟೀಲುಗಳ ಹರಕೆ ಮೇಳಗಳಿಗೆ ಆಟ ಗೊತ್ತುಮಾಡಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಡೇರೆ ಮೇಳವೂ ಈಗ ಒಂದು ಬಗೆಯಲ್ಲಿ ವೀಳ್ಯದ ಲೆಕ್ಕಕ್ಕೇ ಮರಳಿದೆ, ಹರಕೆಯ ಜಾಗದಲ್ಲಿ ಅಭಿಮಾನವಿದೆ ಅಷ್ಟೆ. ರಾತ್ರಿ ಹತ್ತರ ನಂತರದ ಧ್ವನಿವರ್ಧಕದ ನಿಯಮ, ನಿದ್ದೆಗೆಡಲಾರದ ಪ್ರೇಕ್ಷಕ, ಇವೆರಡರಿಂದ ಕಾಲಮಿತಿ ಪ್ರದರ್ಶನಗಳೂ ಹೆಚ್ಚಿವೆ. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಎಲ್ಲ ಮೇಳಗಳ ತಿರುಗಾಟವೂ ಅರ್ಧಕ್ಕೆ ನಿಂತಿತು. ಪತ್ತನಾಜೆಗೆ ಎರಡು ತಿಂಗಳಿರುವಾಗಲೇ ಪೆಟ್ಟಿಗೆಗಳು ಮನೆ ಸೇರಿದವು.

ಮಳೆಗಾಲದಲ್ಲಿ ಕಲಾವಿದರಿಗೆ ಸಂಬಳವಿಲ್ಲ. ಬೆಂಗಳೂರು, ಮುಂಬಯಿಗಳ ಸಭಾಂಗಣಗಳಲ್ಲಿ ಆಯ್ದ ಕಲಾವಿದರ ಕೂಡಾಟ, ವೇಷವಿಲ್ಲದ ತಾಳಮದ್ದಳೆ, ತೆಂಕಿನವರಿಗೆ ಮನೆಮನೆಯ ಚಿಕ್ಕಮೇಳ, ಉಳಿದವರಿಗೆ ಸ್ವಂತ ಗದ್ದೆ ತೋಟ. ಈ ಕೊರತೆಯನ್ನು ಯಜಮಾನರ ಮನೆಗಳಿಗಿಂತ ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಂಡದ್ದು ಪ್ರೇಕ್ಷಕರ ಸಂಸ್ಥೆ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ ಮಾಡಿಸಿತು, ಅವರ ಮಕ್ಕಳ ಓದಿಗೆ ನೆರವಾಯಿತು, ಮನೆ ಇಲ್ಲದವರಿಗೆ ಮನೆ ಕಟ್ಟಿಸಿಕೊಟ್ಟಿತು. ತಿರುಗಾಟ ಮುಗಿದ ಕೆಲವೇ ದಿನಗಳಲ್ಲಿ ಅದು ನಡೆಸುವ ಕಲಾವಿದರ ಸಮಾವೇಶಕ್ಕೆ ತೆಂಕು ಬಡಗು, ಡೇರೆ ಹರಕೆ ಎನ್ನದೆ ಎಲ್ಲ ಮೇಳದವರೂ ಬರುತ್ತಾರೆ. ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಎಂಬ ಮಾತುಕತೆ ಆ ಹೊತ್ತಿಗಾಗಲೇ ಶುರುವಾಗಿರುತ್ತದೆ.